ಹೈಸ್ಕೂಲಿನಲ್ಲೇ ಕಾಲೇಜು ಕ್ರೆಡಿಟ್ ಗಳಿಸಿ ವಿದ್ಯಾರ್ಥಿವೇತನ ಪಡೆಯುವುದು ಹೇಗೆ? ಅಮೆರಿಕದಲ್ಲಿರುವ ಕನ್ನಡಿಗ ಪೋಷಕರಿಗೆ

ರಾಜ್ಯೋತ್ಸವದ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಾಗ ಪ್ರತಿ ವರ್ಷ ಯಾರಾದರೊಬ್ಬರು ಕೇಳುವ ಪ್ರಶ್ನೆ ಇದು: "ಹೈಸ್ಕೂಲು ಮುಗಿಯುವುದರೊಳಗೆ ಕಾಲೇಜಿನ ಎರಡು ವರ್ಷದ ಓದು ಮುಗಿಸಿಬಿಟ್ಟರೆ ಸ್ಕಾಲರ್‌ಶಿಪ್ ಸಿಗುತ್ತದಂತೆ, ಹೌದೇ?" ಸಿಗಬಹುದು. ಸಿಗದೆಯೂ ಇರಬಹುದು. ಎಚ್ಚರ ತಪ್ಪಿದರೆ, ಸಿಗಬೇಕಾಗಿದ್ದ ಹಣವೂ ಕೈತಪ್ಪಿ ಹೋಗಬಹುದು. ನಿಂತ ನಿಲುವಿನಲ್ಲಿ ಇಷ್ಟನ್ನು ಹೇಳಿದರೆ ಕೇಳಿದವರಿಗೆ ಸಮಾಧಾನವಾಗುವುದಿಲ್ಲ. ಆದ್ದರಿಂದ ಒಮ್ಮೆ ಕುಳಿತು ಬರೆಯುತ್ತಿದ್ದೇನೆ.

ನಾವು ಎಸ್ಸೆಸ್ಸೆಲ್ಸಿ, ಪಿಯುಸಿ ದಾಟಿ ಬಂದವರು. ನಮ್ಮ ಕಾಲದಲ್ಲಿ ಹತ್ತನೇ ತರಗತಿಯ ಹುಡುಗ ಪದವಿಯ ಒಂದು ಪೇಪರು ಬರೆದು ಬರುವ ಮಾತೇ ಇರಲಿಲ್ಲ. ಇಲ್ಲಿ ಅದು ದಿನನಿತ್ಯದ ವಿಷಯ. ವ್ಯವಸ್ಥೆ ಅರ್ಥವಾಗದೆ ನಾವು ಮಾಡುವ ತಪ್ಪು ಒಂದೇ: ಕ್ರೆಡಿಟ್‌ಗಳನ್ನು ಅಂಕಗಳಂತೆ ಎಣಿಸುವುದು, ಹೆಚ್ಚಾದಷ್ಟೂ ಒಳ್ಳೆಯದು ಎಂದುಕೊಳ್ಳುವುದು. ಕ್ರೆಡಿಟ್ ಅಂಕವಲ್ಲ, ನಾಣ್ಯ. ಅದು ಯಾವ ಅಂಗಡಿಯಲ್ಲಿ ಚಲಾವಣೆಯಾಗುತ್ತದೆ ಎಂದು ತಿಳಿಯದೆ ಚೀಲ ತುಂಬಿಸಿಕೊಂಡರೆ ಭಾರ ಮಾತ್ರ.

ಮೊದಲು ಕೆಲವು ಪದಗಳು

ಕ್ರೆಡಿಟ್ ಎಂದರೆ ಕಾಲೇಜಿನ ಓದನ್ನು ಅಳೆಯುವ ಸೇರು. ವಾರಕ್ಕೆ ಸುಮಾರು ಮೂರು ಗಂಟೆ ಪಾಠವಿರುವ, ಒಂದು ಸೆಮಿಸ್ಟರ್ ನಡೆಯುವ ವಿಷಯಕ್ಕೆ ಸಾಮಾನ್ಯವಾಗಿ 3 ಕ್ರೆಡಿಟ್. ನಾಲ್ಕು ವರ್ಷದ ಪದವಿಗೆ ಸುಮಾರು 120 ಕ್ರೆಡಿಟ್ ಬೇಕು, ಎರಡು ವರ್ಷದ ಅಸೋಸಿಯೇಟ್ ಪದವಿಗೆ ಸುಮಾರು 60. ವಾಷಿಂಗ್ಟನ್ ರಾಜ್ಯದಂತೆ ವರ್ಷವನ್ನು ಕ್ವಾರ್ಟರ್‌ಗಳಾಗಿ ಹಂಚಿಕೊಂಡ ಕಡೆ ಲೆಕ್ಕ ಬೇರೆ. ಒಂದೂವರೆ ಕ್ವಾರ್ಟರ್ ಕ್ರೆಡಿಟ್ ಒಂದು ಸೆಮಿಸ್ಟರ್ ಕ್ರೆಡಿಟ್‌ಗೆ ಸಮ, ಅಂದರೆ ಅಲ್ಲಿನ 90 ಇಲ್ಲಿನ 60.

ಕಮ್ಯುನಿಟಿ ಕಾಲೇಜು ಎಂದರೆ ಊರಿನ ಸರ್ಕಾರಿ ಎರಡು ವರ್ಷದ ಕಾಲೇಜು. ಡ್ಯುಯಲ್ ಎನ್‌ರೋಲ್‌ಮೆಂಟ್ ಎಂದರೆ ಮಗು ಹೈಸ್ಕೂಲಿನಲ್ಲಿ ಇದ್ದುಕೊಂಡೇ ಕಾಲೇಜಿನಲ್ಲೂ ದಾಖಲಾಗಿ, ಒಂದೇ ವಿಷಯಕ್ಕೆ ಎರಡೂ ಕಡೆ ಲೆಕ್ಕ ಪಡೆಯುವುದು. ಟೆಕ್ಸಸ್‌ನಲ್ಲಿ ಇದನ್ನೇ ಡ್ಯುಯಲ್ ಕ್ರೆಡಿಟ್ ಎನ್ನುತ್ತಾರೆ, ಯೂಟಾದಲ್ಲಿ ಕನ್‌ಕರೆಂಟ್ ಎನ್‌ರೋಲ್‌ಮೆಂಟ್. ಎಪಿ, ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಬೇರೆಯದೇ ದಾರಿ. ಪಾಠ ಹೈಸ್ಕೂಲಿನಲ್ಲಿ, ಪರೀಕ್ಷೆ ಮೇ ತಿಂಗಳಿನಲ್ಲಿ ಕಾಲೇಜ್ ಬೋರ್ಡ್ ಎಂಬ ಸಂಸ್ಥೆಯದು, ಫಲಿತಾಂಶ 1ರಿಂದ 5ರವರೆಗೆ. ಆ ಸಂಖ್ಯೆ ನೋಡಿ ಕ್ರೆಡಿಟ್ ಕೊಡುವುದೋ ಬಿಡುವುದೋ ಮುಂದೆ ಸೇರುವ ಕಾಲೇಜಿನ ಇಷ್ಟ. ಟ್ರಾನ್ಸ್‌ಕ್ರಿಪ್ಟ್ ಎಂದರೆ ನಮ್ಮ ಅಂಕಪಟ್ಟಿ. ಆದರೆ ಇಲ್ಲಿ ಅದನ್ನು ನೀವು ಜೆರಾಕ್ಸ್ ಮಾಡಿಸಿ ಕೊಡುವಂತಿಲ್ಲ, ಒಂದು ಸಂಸ್ಥೆಯಿಂದ ಇನ್ನೊಂದಕ್ಕೆ ನೇರವಾಗಿ ಹೋಗಬೇಕು.

ಇದರ ಜೊತೆಗೆ ಒಂದು ಗೊಂದಲವನ್ನೂ ಬಗೆಹರಿಸುತ್ತೇನೆ. ವಾರಾಂತ್ಯದ ಕನ್ನಡ ಶಾಲೆಯ ಕಲಿಕೆಗೆ ಕೆಲವು ಶಾಲಾ ಜಿಲ್ಲೆಗಳು ವಿದೇಶಿ ಭಾಷೆಯ ಕ್ರೆಡಿಟ್ ಕೊಡುತ್ತವೆ. ಅದು ಹೈಸ್ಕೂಲು ಕ್ರೆಡಿಟ್, ಕಾಲೇಜಿನದಲ್ಲ. ಕನ್ನಡ ಕಲಿಸಲು ಕಾರಣಗಳು ಬೇಕಾದಷ್ಟಿವೆ. ಶುಲ್ಕ ಉಳಿತಾಯವನ್ನು ಆ ಪಟ್ಟಿಗೆ ಸೇರಿಸಬೇಡಿ.

ಹಣ ಎಲ್ಲಿಂದ ಬರುತ್ತದೆ

ಮೂರು ಕಡೆಯಿಂದ. ಮೊದಲನೆಯದು ಹೆಸರಿಲ್ಲದ ವಿದ್ಯಾರ್ಥಿವೇತನ: ಹೈಸ್ಕೂಲಿನಲ್ಲಿ ಇರುವಾಗ ಕಾಲೇಜು ಶುಲ್ಕವನ್ನು ರಾಜ್ಯವೇ ಕಟ್ಟುವುದು. ಮಿನೆಸೋಟಾ 1985ರಲ್ಲೇ ಇದನ್ನು ಆರಂಭಿಸಿತು. ಅಲ್ಲಿ ಬೋಧನಾ ಶುಲ್ಕದ ಜೊತೆ ಪುಸ್ತಕವೂ ಉಚಿತ. ಒಹಾಯೊ ರಾಜ್ಯದ ಕಾಲೇಜ್ ಕ್ರೆಡಿಟ್ ಪ್ಲಸ್ ಯೋಜನೆ 7ನೇ ಗ್ರೇಡಿನಿಂದಲೇ ತೆರೆದಿದೆ. ವಾಷಿಂಗ್ಟನ್‌ನ ರನ್ನಿಂಗ್ ಸ್ಟಾರ್ಟ್‌ನಲ್ಲಿ 11 ಮತ್ತು 12ನೇ ಗ್ರೇಡಿನವರಿಗೆ ಬೋಧನಾ ಶುಲ್ಕವಿಲ್ಲ, ಆದರೆ ಪುಸ್ತಕ ಮತ್ತು ಇತರ ಶುಲ್ಕಗಳು ಸಾಮಾನ್ಯವಾಗಿ ನಿಮ್ಮ ಕೈಯಿಂದಲೇ. ಜಾರ್ಜಿಯಾ 2020ರ ಕಾನೂನಿನಿಂದ ತಾನು ಕಟ್ಟುವ ಶುಲ್ಕಕ್ಕೆ 30 ಕ್ರೆಡಿಟ್‌ಗಳ ಮಿತಿ ಹಾಕಿತು. ಮುಂದೆ ಸೇರುವ ವಿಶ್ವವಿದ್ಯಾಲಯದ ಶುಲ್ಕ ಕ್ರೆಡಿಟ್‌ಗೆ 400 ಡಾಲರ್ ಎಂದಿಟ್ಟುಕೊಳ್ಳಿ. 30 ಕ್ರೆಡಿಟ್ ಮೊದಲೇ ಮುಗಿದಿದ್ದರೆ 12,000 ಡಾಲರ್ ಉಳಿಯಿತು. ಯಾರೂ ವೇದಿಕೆಗೆ ಕರೆದು ಹಾರ ಹಾಕುವುದಿಲ್ಲ ಎಂಬುದನ್ನು ಬಿಟ್ಟರೆ ಇದೂ ವಿದ್ಯಾರ್ಥಿವೇತನವೇ.

ಎರಡನೆಯದು, ಕಾಲೇಜು ಮಟ್ಟದ ಓದನ್ನೇ ಷರತ್ತಾಗಿಸಿದ ರಾಜ್ಯ ವಿದ್ಯಾರ್ಥಿವೇತನ. ಇದಕ್ಕೆ ಹೆಸರಾದದ್ದು ಯೂಟಾದ ನ್ಯೂ ಸೆಂಚುರಿ ವಿದ್ಯಾರ್ಥಿವೇತನ. 1999ರಲ್ಲಿ ಹುಟ್ಟಿದ ಆ ಯೋಜನೆ, ಹೈಸ್ಕೂಲು ಮುಗಿಯುವಾಗಲೇ ಅಸೋಸಿಯೇಟ್ ಪದವಿಗೆ ಬೇಕಾದಷ್ಟನ್ನು ಮುಗಿಸಿದವರಿಗೆ ಹಣ ಕೊಡುತ್ತಿತ್ತು. ಅದು ಈಗ ಇಲ್ಲ. ಅದರ ಜಾಗಕ್ಕೆ ಆಪರ್ಚುನಿಟಿ ವಿದ್ಯಾರ್ಥಿವೇತನ ಬಂದಿದೆ. ಅದು 60 ಕ್ರೆಡಿಟ್ ಕೇಳುವುದಿಲ್ಲ. ಗಣಿತ, ವಿಜ್ಞಾನ, ಇಂಗ್ಲಿಷ್ ಭಾಷೆ ಈ ಮೂರರಲ್ಲೂ ತಲಾ ಒಂದು ಮುಂದುವರಿದ ವಿಷಯವನ್ನು ಓದಿರಬೇಕು ಎನ್ನುತ್ತದೆ. ಹಳೆಯ ನಿಯಮ ನಂಬಿ ಅಣ್ಣ ಓಡಿದ ದಾರಿಯಲ್ಲೇ ತಂಗಿಯನ್ನೂ ಓಡಿಸಿದವರು ಇದ್ದಾರೆ. ಜಾರ್ಜಿಯಾದ ಹೋಪ್ ವಿದ್ಯಾರ್ಥಿವೇತನಕ್ಕೆ 3.0 ಜಿಪಿಎ (ಎಲ್ಲ ಗ್ರೇಡುಗಳ ಸರಾಸರಿ) ಜೊತೆಗೆ ರಾಜ್ಯ ಗೊತ್ತುಪಡಿಸಿದ ಕಠಿಣ ವಿಷಯಗಳ ಪಟ್ಟಿಯಿಂದ ನಾಲ್ಕು ಹೈಸ್ಕೂಲು ಕ್ರೆಡಿಟ್ ಬೇಕು, ಡ್ಯುಯಲ್ ಎನ್‌ರೋಲ್‌ಮೆಂಟ್‌ನ ಮುಖ್ಯ ವಿಷಯಗಳು ಅದರಲ್ಲಿ ಸೇರುತ್ತವೆ. ಫ್ಲಾರಿಡಾದ ಬ್ರೈಟ್ ಫ್ಯೂಚರ್ಸ್ ಯೋಜನೆ ಜಿಪಿಎ ಲೆಕ್ಕ ಹಾಕುವಾಗ ಎಪಿ ಮತ್ತು ಡ್ಯುಯಲ್ ಎನ್‌ರೋಲ್‌ಮೆಂಟ್ ವಿಷಯಗಳಿಗೆ ಹೆಚ್ಚುವರಿ ತೂಕ ಕೊಡುತ್ತದೆ.

ಮೂರನೆಯದು ವಿಶ್ವವಿದ್ಯಾಲಯಗಳು ತಾವೇ ಕೊಡುವ ಮೆರಿಟ್ ಹಣ. ಅನೇಕ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ದೊಡ್ಡ ಮೊತ್ತ ಇರುವುದು ಇಲ್ಲಿಯೇ, ಮತ್ತು ಅದು ಬಹುಪಾಲು ಹೈಸ್ಕೂಲಿನಿಂದ ನೇರವಾಗಿ ಬರುವ ಮೊದಲ ವರ್ಷದ ವಿದ್ಯಾರ್ಥಿಗಳಿಗೆ ಮೀಸಲು. ಈ ಮಾತನ್ನು ನೆನಪಿಟ್ಟುಕೊಳ್ಳಿ, 7ನೇ ಹಂತದಲ್ಲಿ ಮತ್ತೆ ಬೇಕಾಗುತ್ತದೆ.

ಕೈಯಲ್ಲಿ ಏನಿರಬೇಕು

ಹೈಸ್ಕೂಲಿನ ಇದುವರೆಗಿನ ಟ್ರಾನ್ಸ್‌ಕ್ರಿಪ್ಟ್, ಶಾಲೆಯ ಕೌನ್ಸೆಲರ್ ಅವರ ಒಪ್ಪಿಗೆಯ ಸಹಿ, ಪೋಷಕರ ಸಹಿ, ವಾಸದ ದಾಖಲೆ, ಲಸಿಕೆಯ ದಾಖಲೆ ಕೇಳಿದರೆ ಅದು, ಮತ್ತು ಮಗುವಿನದೇ ಆದ ಒಂದು ಇಮೇಲ್ ವಿಳಾಸ. ಶಾಲೆಯ ಇಮೇಲ್ ಬೇಡ, 12ನೇ ಗ್ರೇಡ್ ಮುಗಿದ ಮೇಲೆ ಅದು ಮುಚ್ಚಿಹೋಗುತ್ತದೆ. ಎಚ್-4, ಅಂದರೆ ಎಚ್-1ಬಿ ಮೇಲೆ ದುಡಿಯುವವರ ಕುಟುಂಬದ ವೀಸಾದಲ್ಲಿರುವ ಮಕ್ಕಳಿಗೆ ಸೋಶಿಯಲ್ ಸೆಕ್ಯುರಿಟಿ ಸಂಖ್ಯೆ ಇರುವುದಿಲ್ಲ. ಅರ್ಜಿಯಲ್ಲಿ ಆ ಜಾಗಕ್ಕೆ ಏನು ಬರೆಯಬೇಕೆಂದು ಪ್ರವೇಶ ಕಚೇರಿಯನ್ನೇ ಕೇಳಿ, ಊಹಿಸಿ ತುಂಬಬೇಡಿ.

ಹಂತ 1: ಕೊನೆಯಿಂದ ಶುರು ಮಾಡಿ

ಬಸ್ಸು ಹತ್ತುವ ಮೊದಲು ಬೋರ್ಡು ಓದುತ್ತೇವಲ್ಲ, ಹಾಗೆ. ಮಗು ಸೇರಬಹುದಾದ ನಾಲ್ಕೈದು ವಿಶ್ವವಿದ್ಯಾಲಯಗಳ ಹೆಸರು ಬರೆಯಿರಿ. ಒಂಬತ್ತನೇ ಗ್ರೇಡಿನಲ್ಲೇ ಇದೇನು, ಕೂಸು ಹುಟ್ಟುವ ಮೊದಲೇ ಕುಲಾವಿ ಎಂದು ನಗಬೇಡಿ. ಹೆಸರು ಆಮೇಲೆ ಬದಲಾದರೂ ಬಗೆ ಬದಲಾಗುವುದು ಕಡಿಮೆ: ನಿಮ್ಮ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯವೋ, ಹೊರ ರಾಜ್ಯದ್ದೋ, ಹೆಸರುವಾಸಿ ಖಾಸಗಿಯೋ.

ನಿಮ್ಮದೇ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯವಾದರೆ ಡ್ಯುಯಲ್ ಎನ್‌ರೋಲ್‌ಮೆಂಟ್ ಬಲು ಲಾಭದ ದಾರಿ. ಟೆಕ್ಸಸ್‌ನ ಸಾರ್ವಜನಿಕ ಕಾಲೇಜುಗಳಲ್ಲಿ 42 ಕ್ರೆಡಿಟ್‌ಗಳ ಸಾಮಾನ್ಯ ಪಠ್ಯವನ್ನು ಒಂದು ಕಡೆ ಮುಗಿಸಿದರೆ ಇನ್ನೊಂದು ಕಡೆ ಅದನ್ನು ಇಡಿಯಾಗಿ ಒಪ್ಪಬೇಕು. ಇಂಡಿಯಾನಾದಲ್ಲಿ 30 ಕ್ರೆಡಿಟ್‌ಗಳ ಕಾಲೇಜ್ ಕೋರ್ ಹೀಗೆಯೇ ನಡೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಯಾವ ಕಮ್ಯುನಿಟಿ ಕಾಲೇಜಿನ ಯಾವ ವಿಷಯ ಯಾವ ವಿಶ್ವವಿದ್ಯಾಲಯದ ಯಾವುದಕ್ಕೆ ಸಮ ಎಂದು ಅಸಿಸ್ಟ್ ಎಂಬ ಅಧಿಕೃತ ಜಾಲತಾಣ ಸಾಲು ಸಾಲಾಗಿ ತೋರಿಸುತ್ತದೆ.

ಹೊರ ರಾಜ್ಯದ ಕಡೆ ಕಣ್ಣಿದ್ದರೆ ಎಪಿ ಹೆಚ್ಚು ಸುರಕ್ಷಿತ. ಎಪಿ ಎಂದರೇನೆಂದು ಎಲ್ಲರಿಗೂ ಗೊತ್ತು. ನಿಮ್ಮೂರಿನ ಕಮ್ಯುನಿಟಿ ಕಾಲೇಜಿನ ಗಣಿತ ಹೇಗಿತ್ತೆಂದು ಎರಡು ಸಾವಿರ ಮೈಲಿ ದೂರದವರಿಗೆ ಗೊತ್ತಿಲ್ಲ.

ಐವಿ ಲೀಗ್ (ಹಾರ್ವರ್ಡ್, ಯೇಲ್‌ನಂಥ ಎಂಟು ಹೆಸರುವಾಸಿ ಖಾಸಗಿ ಸಂಸ್ಥೆಗಳ ಗುಂಪು) ಕನಸಾದರೆ ಈ ಲೇಖನದಿಂದ ನಿಮಗೆ ಹೆಚ್ಚು ಉಪಯೋಗವಿಲ್ಲ. ಆ ಎಂಟೂ ಸಂಸ್ಥೆಗಳು ಮೆರಿಟ್ ವಿದ್ಯಾರ್ಥಿವೇತನ ಕೊಡುವುದಿಲ್ಲ, ಕುಟುಂಬದ ಆರ್ಥಿಕ ಅಗತ್ಯ ನೋಡಿಯೇ ನೆರವು ಕೊಡುತ್ತವೆ. ಅವುಗಳಲ್ಲೊಂದಾದ ಡಾರ್ಟ್‌ಮತ್ ಎಪಿ ಅಂಕಕ್ಕೆ ಪದವಿಯ ಕ್ರೆಡಿಟ್ ಕೊಡುವುದನ್ನು ನಿಲ್ಲಿಸಿ ವರ್ಷಗಳಾದವು. ಹೈಸ್ಕೂಲು ಪದವಿಗೆ ಒಮ್ಮೆ ಲೆಕ್ಕವಾದ ವಿಷಯಕ್ಕೆ ತಾವು ಮತ್ತೆ ಕ್ರೆಡಿಟ್ ಕೊಡುವುದಿಲ್ಲ ಎನ್ನುವ ಖಾಸಗಿ ಕಾಲೇಜುಗಳೂ ಹಲವಾರು. ಅಂಥ ಕಡೆ ಕಠಿಣ ವಿಷಯಗಳು ಪ್ರವೇಶಕ್ಕೆ ನೆರವಾಗುತ್ತವೆ, ಶುಲ್ಕಕ್ಕಲ್ಲ.

ಹಂತ 2: ವೀಸಾ ಮತ್ತು ವಾಸದ ಲೆಕ್ಕ

ನಮ್ಮವರಲ್ಲಿ ಬಹಳಷ್ಟು ಮಂದಿಗೆ ಇದೇ ಮುಖ್ಯ, ಆದರೆ ಕೌನ್ಸೆಲರ್‌ಗಳಿಗೆ ಇದರ ಪರಿಚಯವೇ ಇರುವುದಿಲ್ಲ.

ಫೆಡರಲ್ ಸರ್ಕಾರದ ನೆರವಿನ ಅರ್ಜಿಗೆ ಫಾಫ್ಸಾ ಎನ್ನುತ್ತಾರೆ. ನಾಗರಿಕರು ಮತ್ತು ಗ್ರೀನ್ ಕಾರ್ಡ್ ಇರುವವರು ಅದಕ್ಕೆ ಅರ್ಹರು. ಎಚ್-4 ಮಕ್ಕಳು ಅರ್ಹರಲ್ಲ. ಗ್ರೀನ್ ಕಾರ್ಡ್ ಅರ್ಜಿ ಹಾಕಿ ಕಾಯುತ್ತಿರುವುದೂ ಸಾಲದು. ಕೆಲವು ರಾಜ್ಯಗಳು ತಮ್ಮ ವಿದ್ಯಾರ್ಥಿವೇತನಕ್ಕೂ ಇದೇ ಷರತ್ತು ಹಾಕುತ್ತವೆ, ಜಾರ್ಜಿಯಾದ ಹೋಪ್ ಅದಕ್ಕೊಂದು ಉದಾಹರಣೆ. ಆದರೆ ವಿಶ್ವವಿದ್ಯಾಲಯಗಳ ಸ್ವಂತ ಮೆರಿಟ್ ಹಣ ಹಲವೆಡೆ ವೀಸಾ ನೋಡುವುದಿಲ್ಲ. ಎಚ್-4 ಮಗು ಕೆಲಸ ಮಾಡುವಂತಿಲ್ಲ, ಓದಲು ಮಾತ್ರ ಅಡ್ಡಿಯಿಲ್ಲ. ಆದ್ದರಿಂದ ವರ್ಕ್ ಸ್ಟಡಿ, ಅಂದರೆ ಕ್ಯಾಂಪಸ್ಸಿನಲ್ಲಿ ದುಡಿದು ಗಳಿಸುವ ನೆರವನ್ನು ಪಟ್ಟಿಯಿಂದ ತೆಗೆದುಹಾಕಿ.

ಇನ್ನೊಂದು, 21ನೇ ಹುಟ್ಟುಹಬ್ಬ. ಅಂದಿಗೆ ಎಚ್-4 ಮುಗಿಯುತ್ತದೆ. ಅಷ್ಟರೊಳಗೆ ಗ್ರೀನ್ ಕಾರ್ಡ್ ಬರದಿದ್ದರೆ ವಿದ್ಯಾರ್ಥಿ ವೀಸಾಕ್ಕೋ ಬೇರೆ ಯಾವುದಕ್ಕೋ ಬದಲಾಗಬೇಕು. ಆಗ ಕೆಲವು ಕಡೆ ರಾಜ್ಯವಾಸಿಗಳ ಕಡಿಮೆ ಶುಲ್ಕವೂ, ಅದಕ್ಕೆ ಅಂಟಿಕೊಂಡ ವಿದ್ಯಾರ್ಥಿವೇತನವೂ ಹೋಗುತ್ತದೆ. 18ಕ್ಕೆ ಹೈಸ್ಕೂಲು ಮುಗಿಸಿದ ಮಗು ಸಾಧಾರಣವಾಗಿ ಪದವಿ ಪಡೆಯುವುದು 22ಕ್ಕೆ. ಒಂದು ವರ್ಷದ ಕ್ರೆಡಿಟ್ ಮೊದಲೇ ಇದ್ದರೆ 21ಕ್ಕೆ, ಎರಡು ವರ್ಷದ್ದು ಇದ್ದರೆ 20ಕ್ಕೆ. ಈ ಕಾರಣಕ್ಕೆ ಕ್ರೆಡಿಟ್ ಗಳಿಸುವ ಕುಟುಂಬಗಳನ್ನು ನಾನು ಬಲ್ಲೆ, ಅವರ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ವಲಸೆ ವಕೀಲರನ್ನು 20ನೇ ವಯಸ್ಸಿನಲ್ಲಲ್ಲ, ಹೈಸ್ಕೂಲಿನಲ್ಲೇ ಒಮ್ಮೆ ಕೇಳಿ.

ಹಂತ 3: ಕೌನ್ಸೆಲರ್ ಭೇಟಿ

ಹೆಚ್ಚಿನ ಶಾಲೆಗಳಲ್ಲಿ ಮುಂದಿನ ವರ್ಷದ ವಿಷಯಗಳ ಆಯ್ಕೆ ಜನವರಿ ಮತ್ತು ಮಾರ್ಚ್ ನಡುವೆ ನಡೆದುಹೋಗುತ್ತದೆ. ಆಗಸ್ಟಿನಲ್ಲಿ ಹೋದರೆ "ಮುಂದಿನ ವರ್ಷ ನೋಡೋಣ" ಎಂಬ ಉತ್ತರ ಸಿಗುತ್ತದೆ. ಒಬ್ಬ ಕೌನ್ಸೆಲರ್ ಕೈಯಲ್ಲಿ ನೂರಾರು ಮಕ್ಕಳಿರುತ್ತಾರೆ, ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ: ಈ ವಿಷಯ ಹೈಸ್ಕೂಲಿನ ಯಾವ ಅಗತ್ಯವನ್ನು ಪೂರೈಸುತ್ತದೆ? ಜಿಪಿಎಗೆ ಎಪಿಯಷ್ಟೇ ತೂಕ ಇದಕ್ಕೂ ಇದೆಯೇ? ಶುಲ್ಕ, ಪುಸ್ತಕ, ಓಡಾಟದ ಖರ್ಚು ಯಾರದು? ಫೇಲಾದರೆ ಏನು? ಕೊನೆಯದನ್ನು ಕೇಳಲು ನಮಗೆ ಮುಜುಗರ. ಕೇಳಲೇಬೇಕು. ಒಹಾಯೊದಲ್ಲಿ ಫೇಲಾದ ಅಥವಾ ತಡವಾಗಿ ಬಿಟ್ಟ ವಿಷಯದ ಶುಲ್ಕವನ್ನು ಶಾಲಾ ಜಿಲ್ಲೆ ಪೋಷಕರಿಂದ ವಸೂಲು ಮಾಡಬಹುದು.

ಹಂತ 4: ಅರ್ಹತೆ

ಡ್ಯುಯಲ್ ಎನ್‌ರೋಲ್‌ಮೆಂಟ್‌ಗೆ ಸೇರಲು ಕನಿಷ್ಠ ಜಿಪಿಎ ಇರಬೇಕು. ಅದು ಸಾಲದ ಕಡೆ ಇಂಗ್ಲಿಷ್ ಮತ್ತು ಗಣಿತದಲ್ಲಿ ಕಾಲೇಜು ಪಾಠಕ್ಕೆ ಸಿದ್ಧವೇ ಎಂದು ನೋಡುವ ಒಂದು ಪ್ಲೇಸ್‌ಮೆಂಟ್ ಪರೀಕ್ಷೆಯೂ ಇರುತ್ತದೆ. ಟೆಕ್ಸಸ್‌ನಲ್ಲಿ ಅದರ ಹೆಸರು ಟಿಎಸ್‌ಐ, ಬೇರೆ ಅನೇಕ ಕಡೆ ಅಕ್ಯುಪ್ಲೇಸರ್. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಅಥವಾ ಎಸಿಟಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕವಿದ್ದರೆ ಸಾಮಾನ್ಯವಾಗಿ ವಿನಾಯಿತಿ ಉಂಟು. ತಯಾರಿಯಿಲ್ಲದೆ "ಬರೀ ಪ್ಲೇಸ್‌ಮೆಂಟ್ ತಾನೇ" ಎಂದು ಹೋಗಿ ಕುಳಿತು ಒಂದು ಸೆಮಿಸ್ಟರ್ ಕಳೆದುಕೊಂಡ ಜಾಣ ಮಕ್ಕಳಿದ್ದಾರೆ. ಒಂದು ವಾರ ಹಳೆಯ ಬೀಜಗಣಿತ ತಿರುವಿ ಹಾಕಿದರೆ ಸಾಕು.

ಹಂತ 5: ವಿಷಯಗಳ ಆಯ್ಕೆ

ಈ ಹಂತಕ್ಕೆ ಹೆಚ್ಚು ಹೊತ್ತು ಕೊಡಿ.

ಹೆಚ್ಚಿನ ಕಡೆ ಚಲಾವಣೆಯಾಗುವ ವಿಷಯಗಳು ಕೆಲವೇ: ಇಂಗ್ಲಿಷ್ ಕಾಂಪೊಸಿಷನ್, ಅಮೆರಿಕದ ಇತಿಹಾಸ, ಸರ್ಕಾರ, ಮನಶ್ಶಾಸ್ತ್ರ, ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ. ಇವುಗಳಿಂದ ಆರಂಭಿಸಿ. ಗಣಿತದಲ್ಲಿ ಎಚ್ಚರ. ಕಾಲೇಜ್ ಆಲ್ಜೀಬ್ರಾ ಎಂಬ ಹೆಸರು ಭಾರಿಯಾಗಿದ್ದರೂ ಎಂಜಿನಿಯರಿಂಗ್ ಪದವಿಯಲ್ಲಿ ಅದಕ್ಕೆ ಜಾಗವಿಲ್ಲ, ಅಲ್ಲಿನ ಗಣಿತ ಕ್ಯಾಲ್ಕುಲಸ್‌ನಿಂದ ಶುರು. ಕ್ರೆಡಿಟ್ ಟ್ರಾನ್ಸ್‌ಕ್ರಿಪ್ಟಿಗೆ ಬರುತ್ತದೆ, ಪದವಿಗೆ ಲೆಕ್ಕವಾಗುವುದಿಲ್ಲ. "ಒಪ್ಪಿಕೊಂಡಿದ್ದೇವೆ" ಎಂಬುದಕ್ಕೂ "ಪದವಿಗೆ ಲೆಕ್ಕ ಹಾಕುತ್ತೇವೆ" ಎಂಬುದಕ್ಕೂ ಇರುವ ಅಂತರ ತಿಳಿಯದೆ ಎಷ್ಟೋ ಪೋಷಕರು ಮೋಸಹೋಗುತ್ತಾರೆ. ವಿಶ್ವವಿದ್ಯಾಲಯಕ್ಕೆ ಬರೆಯುವಾಗ "ಈ ವಿಷಯ ಈ ಪದವಿಯಲ್ಲಿ ಯಾವ ಅಗತ್ಯವನ್ನು ತುಂಬುತ್ತದೆ?" ಎಂದೇ ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ.

ವೈದ್ಯಕೀಯ ಓದಿನ ಆಸೆ ನಮ್ಮ ಮನೆಗಳಲ್ಲಿ ಸಾಮಾನ್ಯವಾದ್ದರಿಂದ ಇದನ್ನು ಬೇರೆಯಾಗಿ ಹೇಳುತ್ತೇನೆ. ಮೆಡಿಕಲ್ ಶಾಲೆಗಳ ಒಟ್ಟು ಅರ್ಜಿ ವ್ಯವಸ್ಥೆ ಆಮ್‌ಕಾಸ್ ಮಗು ಓದಿದ ಪ್ರತಿಯೊಂದು ಕಾಲೇಜಿನ ಟ್ರಾನ್ಸ್‌ಕ್ರಿಪ್ಟ್ ಕೇಳುತ್ತದೆ, ಹೈಸ್ಕೂಲಿನಲ್ಲಿದ್ದಾಗ ಓದಿದ್ದನ್ನೂ ಸೇರಿಸಿ. ಆ ಗ್ರೇಡುಗಳು ಅಲ್ಲಿನ ಜಿಪಿಎಯಲ್ಲಿ ಸೇರುತ್ತವೆ. 16ನೇ ವಯಸ್ಸಿನಲ್ಲಿ ರಸಾಯನಶಾಸ್ತ್ರದಲ್ಲಿ ಬಂದ ಸಿ ಗ್ರೇಡು 21ರಲ್ಲಿ ಎದುರು ಬಂದು ನಿಲ್ಲುತ್ತದೆ. ಕಡ್ಡಾಯ ವಿಜ್ಞಾನ ವಿಷಯಗಳನ್ನು ನಾಲ್ಕು ವರ್ಷದ ಸಂಸ್ಥೆಯಲ್ಲೇ ಓದಿರಬೇಕೆಂದು ಬಯಸುವ ಮೆಡಿಕಲ್ ಶಾಲೆಗಳೂ ಇವೆ. ಅಂಥ ಮಕ್ಕಳು ಡ್ಯುಯಲ್ ಎನ್‌ರೋಲ್‌ಮೆಂಟ್‌ನಲ್ಲಿ ಇತಿಹಾಸ, ಬರವಣಿಗೆ ಮುಗಿಸಿಕೊಳ್ಳಲಿ. ಜೀವಶಾಸ್ತ್ರ, ರಸಾಯನಶಾಸ್ತ್ರಗಳನ್ನು ಕಾಲೇಜಿಗೇ ಬಿಡಲಿ.

ಎಷ್ಟು ಕ್ರೆಡಿಟ್? ನನ್ನನ್ನು ಕೇಳಿದರೆ 24ರಿಂದ 30 ಸಾಕು. 60ರ ಮೋಹ ಬಿಡಿ, ವೀಸಾ ಗಡಿಯಾರ ಓಡುತ್ತಿದ್ದರೆ ಮಾತ್ರ ಬೇರೆ ಮಾತು. ಎಂಜಿನಿಯರಿಂಗ್‌ನಲ್ಲಿ ವಿಷಯಗಳು ಸರಪಳಿಯಂತೆ: ಒಂದು ಮುಗಿಯದೆ ಇನ್ನೊಂದಕ್ಕೆ ಪ್ರವೇಶವಿಲ್ಲ. 60 ಕ್ರೆಡಿಟ್ ಹೊತ್ತು ಹೋದರೂ ಆ ಸರಪಳಿ ಮೂರು, ಮೂರೂವರೆ ವರ್ಷ ಎಳೆಯುತ್ತದೆ. ಜೊತೆಗೆ ಅನೇಕ ವಿದ್ಯಾರ್ಥಿವೇತನಗಳು ಪ್ರತಿ ಸೆಮಿಸ್ಟರ್‌ಗೆ 12ರಿಂದ 15 ಕ್ರೆಡಿಟ್ ಓದುತ್ತಿರಬೇಕೆಂದು ಷರತ್ತು ಹಾಕುತ್ತವೆ. ಸುಲಭದ ವಿಷಯಗಳನ್ನೆಲ್ಲ ಮೊದಲೇ ಮುಗಿಸಿದ ಮಗುವಿಗೆ ಆ ಸಂಖ್ಯೆ ತುಂಬಿಸಲು ಉಳಿಯುವುದು ಬರೀ ಕಠಿಣ ವಿಷಯಗಳು. ಮೊದಲ ಸೆಮಿಸ್ಟರ್‌ನಲ್ಲೇ ಅಂಥ ನಾಲ್ಕು ಒಟ್ಟಿಗೆ ಮೈಮೇಲೆ ಬಿದ್ದರೆ ಜಿಪಿಎ ಇಳಿಯುತ್ತದೆ, ಅದರ ಹಿಂದೆ ವಿದ್ಯಾರ್ಥಿವೇತನವೂ ಹೋಗುತ್ತದೆ.

ಕೆಲಸಕ್ಕೆ ಬರುವ ಒಂದು ಹಂಚಿಕೆ ಹೀಗಿದೆ. 9ನೇ ಗ್ರೇಡಿನಲ್ಲಿ ಏನೂ ಬೇಡ, ಹೈಸ್ಕೂಲಿಗೆ ಹೊಂದಿಕೊಳ್ಳಲಿ. 10ರಲ್ಲಿ ಒಂದು ಎಪಿ ಅಥವಾ ಒಂದು ಕಾಲೇಜು ವಿಷಯ. 11ರಲ್ಲಿ ಸೆಮಿಸ್ಟರ್‌ಗೆ ಎರಡು ಕಾಲೇಜು ವಿಷಯ, ಅಲ್ಲಿಗೆ 12 ಕ್ರೆಡಿಟ್. ನಡುವಿನ ಬೇಸಿಗೆಯಲ್ಲಿ ಬೇಕಿದ್ದರೆ ಒಂದು. 12ರಲ್ಲಿ ಮತ್ತೆ ಸೆಮಿಸ್ಟರ್‌ಗೆ ಎರಡು. ಒಟ್ಟು 30ರ ಆಸುಪಾಸು. ಒಂದು ಗಂಟೆಯ ಪಾಠಕ್ಕೆ ಮನೆಯಲ್ಲಿ ಎರಡು ಗಂಟೆಯ ಓದು ಎಂಬುದು ಕಾಲೇಜಿನ ವಾಡಿಕೆಯ ಲೆಕ್ಕ. 3 ಕ್ರೆಡಿಟ್ ಎಂದರೆ ವಾರಕ್ಕೆ ಒಂಬತ್ತು ಗಂಟೆ. ಭರತನಾಟ್ಯ, ಟೆನಿಸ್, ತಂಗಿಯನ್ನು ಸ್ಪೆಲಿಂಗ್ ಬೀಗೆ ಕರೆದೊಯ್ಯುವುದು ಎಲ್ಲ ಸೇರಿಸಿ ವಾರದ ಗಂಟೆಗಳನ್ನು ಒಮ್ಮೆ ಕಾಗದದ ಮೇಲೆ ಕೂಡಿ ನೋಡಿ.

ಹೆಚ್ಚು ಜನರಿಗೆ ತಿಳಿಯದ ಇನ್ನೊಂದು ದಾರಿ ಕ್ಲೆಪ್ ಪರೀಕ್ಷೆ. ಪಾಠಕ್ಕೆ ಹೋಗಬೇಕಾಗಿಲ್ಲ, ಸ್ವತಃ ಓದಿ ವರ್ಷದ ಯಾವಾಗ ಬೇಕಾದರೂ ಬರೆಯಬಹುದು. 20ರಿಂದ 80ರವರೆಗಿನ ಅಂಕದಲ್ಲಿ ಸಾಮಾನ್ಯವಾಗಿ 50 ಬಂದರೆ ಸಾಕು. ಮಾಡರ್ನ್ ಸ್ಟೇಟ್ಸ್ ಎಂಬ ಲಾಭರಹಿತ ಸಂಸ್ಥೆ ಇದಕ್ಕೆ ಉಚಿತ ಪಾಠಗಳನ್ನೂ ಪರೀಕ್ಷಾ ಶುಲ್ಕದ ವೋಚರನ್ನೂ ಕೊಡುತ್ತದೆ. ಆದರೆ ಹೆಸರುವಾಸಿ ವಿಶ್ವವಿದ್ಯಾಲಯಗಳಲ್ಲಿ ಕೆಲವು ಇದನ್ನು ಒಪ್ಪುವುದಿಲ್ಲ, ಮೊದಲು ನೋಡಿಕೊಳ್ಳಿ.

ಹಂತ 6: ಕಾಲೇಜಿನಲ್ಲಿ ನಿಮ್ಮ ಮಗು ದೊಡ್ಡವರು

ಫರ್ಪಾ ಎಂಬ ಫೆಡರಲ್ ಕಾನೂನಿದೆ. ಕಾಲೇಜಿಗೆ ದಾಖಲಾದ ಕ್ಷಣದಿಂದ, ವಯಸ್ಸು 15 ಆಗಿದ್ದರೂ, ಕಾಲೇಜಿನ ದಾಖಲೆಗಳ ಹಕ್ಕು ಮಗುವಿನದು. ನೀವು ಫೋನ್ ಮಾಡಿ "ನನ್ನ ಮಗನ ಗ್ರೇಡು ಎಷ್ಟು?" ಎಂದು ಕೇಳಿದರೆ ಹೇಳುವುದಿಲ್ಲ. ಮಗು ಸಹಿ ಹಾಕಿದ ಒಪ್ಪಿಗೆ ಪತ್ರ ಇದ್ದರೆ ಹೇಳಬಹುದು. ದಾಖಲಾತಿಯ ದಿನವೇ ಆ ಪತ್ರ ಕೊಡಿಸಿ. ಹಾಗೆಂದು ಪ್ರೊಫೆಸರಿಗೆ ನೀವು ಇಮೇಲ್ ಬರೆಯಲು ಹೋಗಬೇಡಿ. ಮಗುವೇ ಬರೆಯಲಿ, ವ್ಯಾಕರಣ ತಪ್ಪಿದರೂ ಪರವಾಗಿಲ್ಲ.

ಕಾಲೇಜಿನ ಗ್ರೇಡು ಶಾಶ್ವತ. ಎಪಿ ಪರೀಕ್ಷೆಯಲ್ಲಿ 2 ಬಂದರೆ ಅದನ್ನು ಯಾರಿಗೂ ಕಳುಹಿಸದೆ ಸುಮ್ಮನಿರಬಹುದು. ಕಮ್ಯುನಿಟಿ ಕಾಲೇಜಿನ ಡಿ ಗ್ರೇಡನ್ನು ಬಚ್ಚಿಡಲು ಆಗುವುದಿಲ್ಲ, ಬಚ್ಚಿಟ್ಟರೆ ಅದು ಅರ್ಜಿಯಲ್ಲಿ ಸುಳ್ಳು ಹೇಳಿದಂತೆ. ಆದ್ದರಿಂದ ಎರಡು ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಒಂದು, ಡ್ರಾಪ್ ಮಾಡುವ ಕೊನೆಯ ದಿನ: ಅಷ್ಟರೊಳಗೆ ಬಿಟ್ಟರೆ ಟ್ರಾನ್ಸ್‌ಕ್ರಿಪ್ಟಿನಲ್ಲಿ ಗುರುತೇ ಉಳಿಯುವುದಿಲ್ಲ. ಇನ್ನೊಂದು, ವಿತ್‌ಡ್ರಾ ಮಾಡುವ ಕೊನೆಯ ದಿನ: ಆಗ ಗ್ರೇಡಿನ ಜಾಗದಲ್ಲಿ ಡಬ್ಲ್ಯೂ ಅಕ್ಷರ ಬರುತ್ತದೆ, ಜಿಪಿಎಗೆ ಪೆಟ್ಟಿಲ್ಲ. ಇವೆರಡೂ ಹೈಸ್ಕೂಲಿನ ದಿನಾಂಕಗಳಿಗಿಂತ ಬೇರೆ. ನಮ್ಮ ಮನೆಯಲ್ಲಿ ಶಾಲೆಯ ಕ್ಯಾಲೆಂಡರನ್ನೇ ನಂಬಿ ಮೊದಲನೆಯ ದಿನಾಂಕ ತಪ್ಪಿಸಿಕೊಂಡೆವು. ಆ ಡಬ್ಲ್ಯೂ ಬಗ್ಗೆ ಮುಂದೆ ಎರಡು ಅರ್ಜಿಗಳಲ್ಲಿ ವಿವರಣೆ ಬರೆಯಬೇಕಾಯಿತು.

ಪ್ರತಿ ವಿಷಯದ ಸಿಲಬಸ್ ಅನ್ನು ಉಳಿಸಿಟ್ಟುಕೊಳ್ಳಿ. ಹೊರ ರಾಜ್ಯದ ವಿಶ್ವವಿದ್ಯಾಲಯ "ಇದರಲ್ಲಿ ಏನು ಕಲಿಸಿದರು?" ಎಂದು ಕೇಳಿದಾಗ ಆ ಎರಡು ಪುಟ ಕೊಟ್ಟರೆ 3 ಕ್ರೆಡಿಟ್ ದಕ್ಕುತ್ತದೆ. ಎರಡು ವರ್ಷ ಕಳೆದ ಮೇಲೆ ಹುಡುಕಿದರೆ ಕಾಲೇಜಿನ ಜಾಲತಾಣದಲ್ಲಿ ಅದು ಇರುವುದಿಲ್ಲ.

ಹಂತ 7: ವಿದ್ಯಾರ್ಥಿವೇತನದ ಅರ್ಜಿ

12ನೇ ಗ್ರೇಡಿನ ಆಗಸ್ಟ್ 1ಕ್ಕೆ ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆ್ಯಪ್ ತೆರೆಯುತ್ತದೆ. ಫಾಫ್ಸಾ ವಾಡಿಕೆಯಂತೆ ಅಕ್ಟೋಬರ್‌ನಲ್ಲಿ. ಅನೇಕ ಸಾರ್ವಜನಿಕ ವಿಶ್ವವಿದ್ಯಾಲಯಗಳ ಮೆರಿಟ್ ಹಣಕ್ಕೆ ನವೆಂಬರ್ ಅಥವಾ ಡಿಸೆಂಬರ್ ಕೊನೆಯ ಗಡುವು. ಪ್ರವೇಶದ ಗಡುವು ಜನವರಿವರೆಗೆ ಇದ್ದರೂ ಹಣದ ಗಡುವು ಮೊದಲೇ ಮುಗಿದಿರುತ್ತದೆ. ಎರಡನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಅರ್ಜಿಯಲ್ಲಿ ಮಗು ಮೊದಲ ವರ್ಷದ ವಿದ್ಯಾರ್ಥಿಯೇ ಹೊರತು ಟ್ರಾನ್ಸ್‌ಫರ್, ಅಂದರೆ ಬೇರೆ ಕಾಲೇಜಿನಿಂದ ವರ್ಗವಾಗಿ ಬರುವ ವಿದ್ಯಾರ್ಥಿ, ಅಲ್ಲ. ಹೈಸ್ಕೂಲು ಮುಗಿಯುವ ಮೊದಲು ಗಳಿಸಿದ ಕ್ರೆಡಿಟ್ 60 ಇದ್ದರೂ ಬಹುತೇಕ ಎಲ್ಲ ಕಡೆ ಹೀಗೆಯೇ. ತಪ್ಪಿ ಟ್ರಾನ್ಸ್‌ಫರ್ ಅರ್ಜಿ ತುಂಬಿದರೆ ಮೊದಲ ವರ್ಷದವರಿಗೆ ಮೀಸಲಾದ ದೊಡ್ಡ ಮೊತ್ತಗಳ ಸಾಲಿನಿಂದ ನೀವೇ ಹೊರಬಂದಂತೆ. ಹೈಸ್ಕೂಲು ಪದವಿ ಬಂದ ಮೇಲೆ "ಒಂದು ಸೆಮಿಸ್ಟರ್ ಕಮ್ಯುನಿಟಿ ಕಾಲೇಜಿನಲ್ಲಿ ಓದಿ ಆಮೇಲೆ ಹೋಗಲಿ" ಎನ್ನುವುದೂ ಇದೇ ತಪ್ಪು. ಆ ಒಂದು ಸೆಮಿಸ್ಟರ್ ಮಗುವನ್ನು ಟ್ರಾನ್ಸ್‌ಫರ್ ಮಾಡಿಬಿಡಬಹುದು. ಹೈಸ್ಕೂಲಿನ ನಂತರದ ಬೇಸಿಗೆ ತರಗತಿಗೆ ಸೇರುವ ಮುನ್ನವೂ ಪ್ರವೇಶ ಕಚೇರಿಯನ್ನು ಕೇಳಿ.

ಹಣ ಬಂದರೆ ಕೇಳಬೇಕಾದ ಮುಖ್ಯ ಪ್ರಶ್ನೆ: ನಾಲ್ಕು ವರ್ಷದ ವಿದ್ಯಾರ್ಥಿವೇತನ, ಮಗು ಮೂರೇ ವರ್ಷಕ್ಕೆ ಪದವಿ ಮುಗಿಸಿದರೆ ನಾಲ್ಕನೆಯ ವರ್ಷದ ಹಣ ಏನಾಗುತ್ತದೆ? ಹಲವೆಡೆ ಅದು ಹೋದಂತೆಯೇ. ಅಲಬಾಮಾ ವಿಶ್ವವಿದ್ಯಾಲಯದಂಥ ಕೆಲವು ಕಡೆ ಉಳಿದ ಸೆಮಿಸ್ಟರ್‌ಗಳನ್ನು ಸ್ನಾತಕೋತ್ತರ ಓದಿಗೆ ಬಳಸಲು ಬಿಡುವುದುಂಟು. ಪೂರ್ತಿ ಶುಲ್ಕದ ವಿದ್ಯಾರ್ಥಿವೇತನ ಸಿಕ್ಕ ಮಗುವಿಗೆ ಮೊದಲೇ ಗಳಿಸಿದ ಕ್ರೆಡಿಟ್‌ನಿಂದ ಶುಲ್ಕದಲ್ಲಿ ಒಂದು ಡಾಲರೂ ಉಳಿಯುವುದಿಲ್ಲ. ಉಳಿಯುವುದು ಸಮಯ, ಎರಡನೆಯ ಮೇಜರ್‌ಗೋ (ಪದವಿಯ ಮುಖ್ಯ ವಿಷಯ) ಮಾಸ್ಟರ್ಸ್‌ಗೋ ಅದನ್ನು ಹಾಕಬಹುದು.

ಹಂತ 8: ಕ್ರೆಡಿಟ್ ಸಾಗಿಸುವುದು

ಇದು ತಾನಾಗಿ ಆಗುವುದಿಲ್ಲ. ಹೈಸ್ಕೂಲಿನ ಟ್ರಾನ್ಸ್‌ಕ್ರಿಪ್ಟಿನಲ್ಲಿ ಕಾಲೇಜು ವಿಷಯದ ಹೆಸರು ಇದ್ದರೂ ಅದನ್ನು ನೋಡಿ ಯಾರೂ ಕ್ರೆಡಿಟ್ ಕೊಡುವುದಿಲ್ಲ. ಓದಿದ ಪ್ರತಿಯೊಂದು ಕಾಲೇಜಿನಿಂದಲೂ ಅಧಿಕೃತ ಟ್ರಾನ್ಸ್‌ಕ್ರಿಪ್ಟ್ ಬೇರೆ ಬೇರೆಯಾಗಿ ಕಳುಹಿಸಬೇಕು. ಕೊನೆಯ ಸೆಮಿಸ್ಟರ್‌ನ ಗ್ರೇಡುಗಳು ಏರಿದ ಮೇಲೆಯೇ ಕೋರಿಕೆ ಹಾಕಿ, ಮೊದಲೇ ಹಾಕಿದರೆ ಖಾಲಿ ಕಾಲಂ ಹೋಗುತ್ತದೆ. ಗ್ರಂಥಾಲಯದ ದಂಡ ಅಥವಾ ಐದು ಡಾಲರ್ ಪಾರ್ಕಿಂಗ್ ಬಾಕಿ ಇದ್ದರೂ ಕೆಲವು ಕಾಲೇಜುಗಳು ಟ್ರಾನ್ಸ್‌ಕ್ರಿಪ್ಟ್ ತಡೆಹಿಡಿಯುತ್ತವೆ. ಎಪಿ ಅಂಕಗಳನ್ನು ಆ ವರ್ಷದ ಜೂನ್ 20ರೊಳಗೆ ಒಂದು ಕಾಲೇಜಿಗೆ ಉಚಿತವಾಗಿ ಕಳುಹಿಸಬಹುದು, ಆಮೇಲೆ ಪ್ರತಿ ಸಲ ಶುಲ್ಕ.

ಹೊಸ ವಿಶ್ವವಿದ್ಯಾಲಯದ ಓರಿಯೆಂಟೇಷನ್‌ಗೆ (ಹೊಸಬರ ಪರಿಚಯ ಕಾರ್ಯಕ್ರಮ) ಮೊದಲು ಮಗು ತನ್ನ ಖಾತೆಗೆ ಲಾಗಿನ್ ಆಗಿ ಕ್ರೆಡಿಟ್ ಪಟ್ಟಿ ನೋಡಲಿ. ಬರಬೇಕಾದದ್ದು ಬಂದಿಲ್ಲದಿದ್ದರೆ, ಅಥವಾ ಬಂದದ್ದು ಬರೀ ಐಚ್ಛಿಕ ವಿಷಯ ಎಂದು ನಮೂದಾಗಿದ್ದರೆ, ಸಿಲಬಸ್ ಜೊತೆಗಿಟ್ಟು ಮರುಪರಿಶೀಲನೆಗೆ ಬರೆಯಲಿ. ಓರಿಯೆಂಟೇಷನ್ ದಿನ ಸಲಹೆಗಾರರ ಬಳಿ ಇರುವುದು ಹದಿನೈದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ವಿಷಯಗಳ ನೋಂದಣಿ ಮುಗಿಯಬೇಕು. ಕ್ರೆಡಿಟ್ ಪಟ್ಟಿ ಸರಿಯಿಲ್ಲದ ಮಗುವನ್ನು, ಈಗಾಗಲೇ ಎ ಗ್ರೇಡು ಪಡೆದ ಇಂಗ್ಲಿಷ್ ಕಾಂಪೊಸಿಷನ್ ತರಗತಿಯಲ್ಲೇ ಮತ್ತೆ ಕೂರಿಸುತ್ತಾರೆ. ಆ ಶುಲ್ಕದ ಬಿಲ್ಲು ಮಾತ್ರ ತಪ್ಪದೆ ನಿಮ್ಮ ಹೆಸರಿಗೇ ಬರುತ್ತದೆ.